ನೆರಳಿನ ಹಾದಿಗೆ ವಾರಸುದಾರರು ಬೇಕು

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ದಿನಾ ಮೆಟ್ರೋ ಹತ್ತಿ ಇಳಿಯುವ ಗೆಳೆಯರೇ, ಗೆಳತಿಯರೇ, ನಿಲ್ದಾಣದಿಂದ ಹೊರಬಂದು ಹಳಿಯ ಅಡಿಯಲ್ಲೇ ಅನಿಲ್ ಕುಂಬ್ಳೆ ವೃತ್ತದ ಕಡೆಗೆ ಸಾಗುವ ಕಾಲುಹಾದಿಯಲ್ಲಿ ನೀವು ಎಂದಾದರೂ ನಡೆದಿದ್ದೀರಾ? ಸುಮ್ಮನೆ, ಯಾವ ಕೆಲಸವೂ ಇಲ್ಲದೆ? ಕಾಲೇಜಿಗೆ, ಆಫೀಸಿಗೆ, ಸಿನಿಮಾಕ್ಕೆ ಓಡುವ ಅವಸರದಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ಅತ್ತ ತಿರುಗಿಯೂ ನೋಡುವುದಿಲ್ಲ. ನೋಡಿದವರು, ಮೆಟ್ರೋ ಕಟ್ಟಿ ಮಿಕ್ಕ ಜಾಗವಿರಬೇಕು ಎಂದುಕೊಳ್ಳುತ್ತಾರೆ. ಮಿಕ್ಕ ಜಾಗವಲ್ಲ ಅದು. ಮೆಟ್ರೋ ಬಂದದ್ದು ಮೊನ್ನೆ. ಆ ಹಾದಿ ಅದಕ್ಕಿಂತ ಬಹಳ ಹಳೆಯದು.

ಬ್ರಿಟಿಷರು 1809ರಲ್ಲಿ ದಂಡು ಪ್ರದೇಶ ಕಟ್ಟಿದಾಗ ಕವಾಯತು ಮೈದಾನದ ದಕ್ಷಿಣಕ್ಕಿದ್ದ ರಸ್ತೆಗೆ ಸೌತ್ ಪರೇಡ್ ಎಂಬ ಹೆಸರು ಬಂತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅದು ಮಹಾತ್ಮ ಗಾಂಧಿ ರಸ್ತೆಯಾಯಿತು. ಮೈದಾನದ ಬದಿಗೆ, ರಸ್ತೆಗಿಂತ ಕೊಂಚ ಎತ್ತರದಲ್ಲಿ, ಮಳೆಮರಗಳ ಚಪ್ಪರದ ಕೆಳಗೆ, ಬೋಗನ್‌ವಿಲ್ಲಾ ಬಳ್ಳಿಗಳ ನಡುವೆ ಆ ಹಾದಿ, ಅಂದರೆ ಬೂಲೆವಾರ್ಡ್, ಹಬ್ಬಿತ್ತು. ಪ್ಲಾಜಾದಲ್ಲಿ ಮ್ಯಾಟಿನಿ ನೋಡಿ, ಕಾಫಿ ಹೌಸಿನಲ್ಲಿ ಕಾಫಿ ಹೀರಿ, ರಸ್ತೆ ದಾಟಿ ಬಂದು ಕೂತರೆ ಎದ್ದೇಳಿ ಎನ್ನುವವರಿರಲಿಲ್ಲ. ಟಿಕೆಟ್ ಇರಲಿಲ್ಲ, ಬಿಲ್ ಇರಲಿಲ್ಲ. ಜೇಬಿನಲ್ಲಿ ಕಾಸಿಲ್ಲದ ಹುಡುಗನೂ ಊರಿನ ಸಾಹುಕಾರನೂ ಒಂದೇ ನೆರಳಿನಲ್ಲಿ ಕೂರಬಹುದಿತ್ತು. ಇಂದು ಈ ಮಹಾನಗರದಲ್ಲಿ ಒಂದು ಗಂಟೆ ಕೂರಲು ಏನನ್ನಾದರೂ ಕೊಳ್ಳಲೇಬೇಕು. ಇದು ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲವಲ್ಲ!

ಮೆಟ್ರೋಗಾಗಿ ಆ ಮರಗಳು ಉರುಳಿದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡಿತು. 2013ರಲ್ಲಿ ಬೂಲೆವಾರ್ಡನ್ನು ‘ರಂಗೋಲಿ’ ಎಂಬ ಹೆಸರಿನ ಕಲಾ ಕೇಂದ್ರವಾಗಿ ಮತ್ತೆ ಜನರಿಗೆ ತೆರೆದರು. ಮೆಟ್ರೋ ಬೇಡವಿತ್ತು ಎಂದು ನಾನು ಹೇಳಲಾರೆ; ಅದರಲ್ಲೇ ಓಡಾಡುತ್ತಾ ಹಾಗೆ ಹೇಳುವುದು ಶೋಭಿಸದು. ಆದರೆ ಒಂದು ಮಾತು. ಕಲ್ಲುಹಾಸನ್ನು ಗುತ್ತಿಗೆದಾರ ಹಾಸಿಕೊಟ್ಟಾನು, ಬೆಂಚನ್ನು ನಿಗಮ ಇಟ್ಟುಕೊಟ್ಟೀತು. ಜೀವವನ್ನು ಯಾರು ತುಂಬಬೇಕು?

ಈ ಊರಿನ ನೆರಳು ತಾನಾಗಿ ಬೆಳೆದದ್ದಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕ್ರುಂಬಿಗಲ್, ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬೋಳಾಗಿರಬಾರದು ಎಂದು ಸಾಲುಮರಗಳನ್ನು ಲೆಕ್ಕ ಹಾಕಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಬಡಾವಣೆ ಬಡಾವಣೆಗೆ ಸಸಿ ಹೊತ್ತು ಹೋಗಿ, ಮನೆಮಂದಿಯನ್ನೇ ಕಾವಲಿಗೆ ನಿಲ್ಲಿಸಿ, ಸುಮಾರು 15 ಲಕ್ಷ ಗಿಡಗಳನ್ನು ಈ ನೆಲಕ್ಕೆ ಕೊಟ್ಟರು. ಅತ್ತ ಹುಲಿಕಲ್ಲಿನ ತಿಮ್ಮಕ್ಕ, ಶಾಲೆಯ ಮುಖ ಕಾಣದ ಕೂಲಿಯ ಹೆಣ್ಣುಮಗಳು, ಗಂಡನ ಜೊತೆ ಕೊಡಗಳಲ್ಲಿ ನೀರು ಹೊತ್ತು ಕುದೂರಿನ ದಾರಿಗೆ ಆಲದ ಸಾಲನ್ನೇ ನಿಲ್ಲಿಸಿದರು. ಇವರು ಯಾರಿಗಾಗಿ ನೆಟ್ಟರು? ನಮಗಾಗಿ. ಈಗ ಪಾಳಿ ನಮ್ಮದು.

ಒಮ್ಮೆ ನಿಮ್ಮ ಬೀದಿಯ ಹಳೆಯ ಮರವೊಂದರ ಹತ್ತಿರ ಹೋಗಿ ನಿಲ್ಲಿ. ಎದೆಯೆತ್ತರದಲ್ಲಿ ಪಿ.ಜಿ. ಜಾಹೀರಾತು, ಟ್ಯೂಷನ್ ಫಲಕ, ಅವನ್ನು ಹಿಡಿದಿರುವ ತುಕ್ಕು ಮೊಳೆಗಳು. ಮೇಲೆ ಕೊಂಬೆಗೆ ಸುತ್ತಿದ ಕೇಬಲ್ಲಿನ ಸಿಂಬಿ. ಕೆಳಗೆ, ಕಾಂಡದ ಕುತ್ತಿಗೆಗೇ ಒತ್ತಿ ಹಾಕಿದ ಸಿಮೆಂಟು. ಒಂದು ಚೊಂಬು ನೀರೂ ಬೇರಿಗೆ ಇಳಿಯದು. ಗಾಳಿಮಳೆಯಲ್ಲಿ ಅದು ಬಿದ್ದರೆ ಪತ್ರಿಕೆಯಲ್ಲಿ ‘ಮರ ಬಿದ್ದು ಕಾರು ಜಖಂ’ ಎಂದು ಸುದ್ದಿ! ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಅದನ್ನು ಕೇಳುವ ಬಾಯಿ ಯಾವುದು?

ನಿಮಗೆ ಶಕ್ತಿ ಇಲ್ಲವೇ? ಇದೆ, ಈ ಊರು ಅದನ್ನು ಕಂಡಿದೆ. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ಕೈಗೆ ಕೈ ಬೆಸೆದು ಸರ್ಕಾರ ಕಟ್ಟಹೊರಟಿದ್ದ ಉಕ್ಕಿನ ಮೇಲ್ಸೇತುವೆ ಬೇಡ ಎಂದು ರಸ್ತೆಬದಿ ನಿಂತರು. ಅದಕ್ಕಾಗಿ ಕಡಿಯಲು ಗುರುತಾಗಿದ್ದ ಮರಗಳು 812. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಮರಗಳು ಉಳಿದವು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಡೆಯಲು ಅಷ್ಟು ಮಂದಿ ನೆರೆದ ನಾವು, ಕಟ್ಟಲು ಯಾಕೆ ನೆರೆಯಲಿಲ್ಲ? ಕೊಡಲಿ ಬಂದಾಗ ಮಾತ್ರ ಮರ ನಮ್ಮದೇ? ಉಳಿದ ದಿನಗಳಲ್ಲಿ ಅದು ಯಾರದ್ದು?

ಬೂಲೆವಾರ್ಡನ್ನು ನಮ್ಮದಾಗಿಸಿಕೊಳ್ಳೋಣ. ಹಳಿಯ ಅಡಿಯಲ್ಲಿ ಮಳೆಮರ ಬೆಳೆಯದು, ಸರಿ; ಅಂಚಿನಲ್ಲಿ ಹೊಂಗೆ ಬೆಳೆಯಬಹುದು, ಹೊಳೆದಾಸವಾಳ ಬೆಳೆಯಬಹುದು, ಸಂಪಿಗೆ ಬೆಳೆಯಬಹುದು. ಎಲ್ಲಿ ನೆಡಬಹುದೆಂದು ಮೆಟ್ರೋ ನಿಗಮವನ್ನು ಲಿಖಿತವಾಗಿ ಕೇಳೋಣ. ಪರಿಸರ ದಿನದಂದು ಸಸಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಚಾಳಿ ಸಾಕು. ಮೂರು ಬೇಸಿಗೆ ನೀರುಣಿಸುವ ಹೊಣೆಯನ್ನು ಒಂದೊಂದು ಕಾಲೇಜಿನ ಎನ್‌ಎಸ್‌ಎಸ್ ಘಟಕ ಹೊರಲಿ. ಸಂಜೆ ಅಲ್ಲಿ ಭಾವಗೀತೆ ಕೇಳಲಿ, ತಮಟೆ ಕೇಳಲಿ, ಚದುರಂಗದ ಮಣೆ ಬೀಳಲಿ, ಪುಸ್ತಕದ ಜಗಳ ನಡೆಯಲಿ. ಕತ್ತಲಾದ ಮೇಲೂ ಹೆಣ್ಣುಮಕ್ಕಳು ಒಬ್ಬರೇ ನಿರಾಳವಾಗಿ ನಡೆಯುವಷ್ಟು ಬೆಳಕಿರಲಿ, ಬೆಳಕಿಗಿಂತ ಹೆಚ್ಚಾಗಿ ಜನರಿರಲಿ. ಕಡಲೆಕಾಯಿ ಮಾರುವವರನ್ನು ಓಡಿಸುವುದು ಬೇಡ. ಅವರಿದ್ದರೇ ಬೀದಿಗೆ ಕಣ್ಣು.

ಮೈಸೂರಿನವರೇ, ಧಾರವಾಡದವರೇ, ಶಿವಮೊಗ್ಗದವರೇ, ಇದು ಬೆಂಗಳೂರಿನವರ ಪಾಡು ಎಂದು ಪುಟ ತಿರುಗಿಸಬೇಡಿ. ನಿಮ್ಮ ಊರಲ್ಲೂ ಒಂದು ಸಾಲುಮರದ ರಸ್ತೆ ಇದೆ. ಅದನ್ನು ಅಗಲಿಸುವ ನಕ್ಷೆ ಯಾವುದೋ ಕಡತದಲ್ಲಿ ಇದ್ದರೂ ಇರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಓದಿ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕರೆಯಲೇಬೇಕು. ಕರೆದಾಗ ಬರೆಯಿರಿ. ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎಂದು ಬರೆಯಿರಿ.

ಬರುವ ಭಾನುವಾರ ಸಂಜೆ ನಾಲ್ವರು ಸ್ನೇಹಿತರನ್ನು ಕರೆದುಕೊಂಡು ಎಂ.ಜಿ. ರಸ್ತೆಯ ನಿಲ್ದಾಣದಲ್ಲಿ ಇಳಿಯಿರಿ. ಮಾಲ್‌ ಕಡೆಗೆ ಹೋಗಬೇಡಿ. ಬೂಲೆವಾರ್ಡಿನ ಉದ್ದಕ್ಕೂ ನಡೆಯಿರಿ. ಎಲ್ಲಿ ದೀಪ ಕೆಟ್ಟಿದೆ, ಎಲ್ಲಿ ಬೆಂಚು ಮುರಿದಿದೆ, ಎಲ್ಲಿ ಗಿಡ ಒಣಗಿದೆ ಎಂದು ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಅದನ್ನು ಅರ್ಜಿಯಾಗಿಸಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.