ಕೆಂಪೋ ಹಸಿರೋ, ಕಲರ್ ಪಿಕರ್ ಹೇಳಲಿ

ಈ ವಾರ ಸ್ವಲ್ಪ ಕಂಪ್ಯೂಟರ್ ವಿಷಯ, ಸ್ವಲ್ಪ ನನ್ನ ಸ್ವಂತ ವಿಷಯ. ಅಡುಗೆ ಮಾಡ್ತಾ ಕೇಳ್ತಿರೋರು ಹಾಗೇ ಕೇಳಿ. ಕಂಪ್ಯೂಟರ್ ಮುಂದೆ ಕೂತಿರೋರು ಒಂದು ಕೈ ಕೀಬೋರ್ಡ್ ಮೇಲೆ ಇಟ್ಕೊಂಡಿರಿ, ಕೆಲಸ ಇದೆ.

ಬಿ.ಕಾಂ. ಮುಗಿಸಿ ನಾನು ಮೊದಲು ಸೇರಿದ್ದು ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ. ಅಲ್ಲೊಂದು ಎಕ್ಸೆಲ್ ಶೀಟ್. ಹಣ ಕೊಟ್ಟಾಗಿರೋ ಬಿಲ್ಲು ಹಸಿರು, ಕೊಡಬೇಕಾಗಿರೋದು ಕೆಂಪು. ಪಕ್ಕದಲ್ಲಿ ಬೇರೆ ಏನೂ ಬರೆದಿರಲಿಲ್ಲ. ಎರಡನೇ ತಿಂಗಳಲ್ಲೇ ಒಬ್ಬ ಸಪ್ಲೈಯರ್‌ಗೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಹಾಕಿಬಿಟ್ಟೆ, ಇನ್ನೊಬ್ಬರಿಗೆ ಹಾಕಲೇ ಇಲ್ಲ. "ಕಣ್ಣು ಎಲ್ಲಿಟ್ಕೊಂಡಿದ್ರಿ?" ಅಂದ್ರು ಮೇಲಿನವರು. "ಅರ್ಜೆಂಟಲ್ಲಿ ಆಗೋಯ್ತು ಸಾರ್" ಅಂದೆ. ಸುಳ್ಳು. ಪ್ರೊಬೇಷನ್‌ನಲ್ಲಿದ್ದೆ, ನಿಜ ಹೇಳೋಕೆ ಭಯ.

ನಿಜ ಏನಂದ್ರೆ ನಾನು ಕಲರ್ ಬ್ಲೈಂಡ್. ಲೋಕ ಕಪ್ಪು-ಬಿಳುಪಾಗಿ ಕಾಣುತ್ತೆ ಅಂತಲ್ಲ, ದಯವಿಟ್ಟು ಆ ಪ್ರಶ್ನೆ ಮತ್ತೆ ಕೇಳಬೇಡಿ. ಕೆಂಪು, ಹಸಿರು, ಕಂದು ಇವು ಒಂದರೊಳಗೊಂದು ಬೆರೆತುಹೋಗುತ್ತವೆ, ಅಷ್ಟೇ. ಅದರಲ್ಲೂ ತಿಳಿ ಬಣ್ಣಗಳಾದ್ರೆ ಮುಗೀತು. ಇದು ಸಾಮಾನ್ಯವಾಗಿ ಎಕ್ಸ್ ಕ್ರೋಮೋಸೋಮ್ ಮೂಲಕ ತಾಯಿ ಕಡೆಯಿಂದ ಮಗನಿಗೆ ಬರೋದು. ಅಮ್ಮ ಹೇಳ್ತಾರೆ: "ನಿಮ್ಮಜ್ಜನೂ ಹಂಗೇ. ಹಣ್ಣು ಮೆಣಸಿನಕಾಯಿ ಬಿಡಿಸ್ಕೊಂಡು ಬನ್ನಿ ಅಂದ್ರೆ ಹಸಿಯವನ್ನೂ ಸೇರಿಸ್ಕೊಂಡು ಬರೋರು." ಅಜ್ಜನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದಿದ್ದು ಇದು.

ಆ ಬೈಗುಳ ತಿಂದ ವಾರವೇ ನನಗೆ ಸಿಕ್ಕಿದ್ದು ಕಲರ್ ಪಿಕರ್. ಡಿಸೈನ್ ಮಾಡೋರ ಸಾಮಾನು ಅಂತ ಅಲ್ಲೀವರೆಗೂ ಅದರ ಕಡೆ ತಲೆ ಹಾಕಿರಲಿಲ್ಲ. ವಿಂಡೋಸ್‌ನಲ್ಲಾದ್ರೆ ಮೈಕ್ರೋಸಾಫ್ಟ್‌ನವರದ್ದೇ ಪವರ್‌ಟಾಯ್ಸ್ ಅಂತ ಉಚಿತ ತಂತ್ರಾಂಶ ಇದೆ, ಅದರೊಳಗೆ ಬರುತ್ತೆ. ಆಫೀಸ್ ಕಂಪ್ಯೂಟರ್‌ಗೆ ಹಾಕಿಸೋಕೆ ಐಟಿಯವರಿಗೆ "ಪ್ರೆಸೆಂಟೇಷನ್‌ಗೆ ಬೇಕು" ಅಂದೆ. ಇನ್ನೊಂದು ಸುಳ್ಳು. ವಿಂಡೋಸ್ ಕೀ, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿ. ಮೌಸ್ ಪಕ್ಕ ಒಂದು ಪುಟ್ಟ ಪಟ್ಟಿ ಬರುತ್ತೆ, ಎಲ್ಲಿ ತೋರಿಸ್ತೀರೋ ಆ ಜಾಗದ ಬಣ್ಣದ ಸಂಖ್ಯೆ ಅದರಲ್ಲಿರುತ್ತೆ. ಕ್ಲಿಕ್ ಮಾಡಿದ್ರೆ ಕಾಪಿ ಆಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆರ್‌ಜಿಬಿ ಆಯ್ಕೆ ಮಾಡ್ಕೊಳ್ಳಿ; ಬಣ್ಣದ ಹೆಸರನ್ನೂ ತೋರಿಸು ಅಂತ ಹೇಳಬಹುದು. ಮ್ಯಾಕ್‌ನಲ್ಲಿ ಡಿಜಿಟಲ್ ಕಲರ್ ಮೀಟರ್ ಅಂತ ಮೊದಲೇ ಇರುತ್ತೆ. ಜಿಂಪ್ ಬಳಸೋರಿಗೆ ಓ ಅಕ್ಷರ ಒತ್ತಿದ್ರೆ ಸಾಕು.

ಆರ್‌ಜಿಬಿ ಅಂದ್ರೆ ಮೂರು ಸಂಖ್ಯೆ: ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರೊಳಗೆ. ನಮ್ಮ ಶೀಟಲ್ಲಿ ಬಳಸಿದ್ದು ಎಕ್ಸೆಲ್‌ನಲ್ಲೇ ಇರೋ ಗುಡ್, ಬ್ಯಾಡ್ ಅನ್ನೋ ಸ್ಟೈಲ್‌ಗಳನ್ನ. ಕೆಂಪು ಅನ್ನೋ ಖಾನೆ ಮೇಲೆ ಇಟ್ಟೆ: 255, 199, 206. ಹಸಿರು ಅನ್ನೋದರ ಮೇಲೆ ಇಟ್ಟೆ: 198, 239, 206. ನೋಡಿ, ಕೊನೆಯ ಸಂಖ್ಯೆ ಎರಡರಲ್ಲೂ ಒಂದೇ. ವ್ಯತ್ಯಾಸ ಇರೋದೆಲ್ಲ ಮೊದಲ ಎರಡರಲ್ಲಿ, ಅಂದ್ರೆ ನನ್ನ ಕಣ್ಣು ಗೊಂದಲ ಮಾಡ್ಕೊಳ್ಳೋ ಕೆಂಪು-ಹಸಿರಿನಲ್ಲೇ. ಆ ಆರು ಸಂಖ್ಯೆ ಒಂದು ಚೀಟಿಯಲ್ಲಿ ಬರ್ಕೊಂಡು ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು. ಕಾಮರ್ಸ್ ಓದಿದವನಿಗೆ ಸಂಖ್ಯೆ ಕೊಟ್ರೆ ಧೈರ್ಯ ಬರುತ್ತೆ. ಮೊದಲನೆಯದು ದೊಡ್ಡದಿದ್ರೆ ಬಾಕಿ, ಎರಡನೆಯದು ದೊಡ್ಡದಿದ್ರೆ ಪಾವತಿ.

ಆದ್ರೆ ಇದನ್ನೂ ಕಣ್ಮುಚ್ಚಿ ನಂಬಂಗಿಲ್ಲ. ಪಿಕರ್ ನೋಡೋದು ಒಂದೇ ಒಂದು ಪಿಕ್ಸೆಲ್. ಅಕ್ಷರದ ಅಂಚಿನ ಮೇಲೆ ಇಟ್ರೆ ಅಲ್ಲಿ ಅಕ್ಷರದ ಬಣ್ಣ, ಹಿಂದಿನ ಬಣ್ಣ ಎರಡೂ ಬೆರೆತು ಮೂರನೇದೇನೋ ಬರುತ್ತೆ. ಮೌಸ್‌ನ ಚಕ್ರ ತಿರುಗಿಸಿ ದೊಡ್ಡದು ಮಾಡ್ಕೊಂಡು, ಖಾಲಿ ಜಾಗ ನೋಡಿ ಇಡಿ. ಜೆಪೆಗ್ ಫೋಟೊ ಆದ್ರಂತೂ ಅಕ್ಕಪಕ್ಕದ ಪಿಕ್ಸೆಲ್‌ಗಳೇ ಒಂದರಂತೆ ಒಂದಿರಲ್ಲ. ಜಿಂಪ್‌ನಲ್ಲಿ ಸ್ಯಾಂಪಲ್ ಆವರೇಜ್ ಅಂತ ಇದೆ, ಸುತ್ತಲಿನದ್ದನ್ನೆಲ್ಲ ಸೇರಿಸಿ ಸರಾಸರಿ ಕೊಡುತ್ತೆ. ಫೋಟೊಗೆ ಅದೇ ವಾಸಿ.

ಪಿಕರ್‌ಗೆ ಗೊತ್ತಿರೋದು ಚಿತ್ರ ಮಾತ್ರ, ವಸ್ತು ಅಲ್ಲ. ಹೋದ ತಿಂಗಳು ಅಮ್ಮ ಅಂಗಡಿಯಿಂದ ಸೀರೆ ಫೋಟೊ ಕಳಿಸಿ, ಹೇಗಿದೆ ಅಂದ್ರು. ನಾನು ಜಾಣ, ಲ್ಯಾಪ್‌ಟಾಪಲ್ಲಿ ತೆರೆದು ಪಿಕರ್ ಇಟ್ಟೆ. ಕೆಂಪಿನ ಸಂಖ್ಯೆ ಹಸಿರಿಗಿಂತ ಒಂಚೂರು ಜಾಸ್ತಿ, ನೀಲಿ ಕಮ್ಮಿ. "ಕಂದು ಚೆನ್ನಾಗಿದೆ ಅಮ್ಮ" ಅಂತ ಹಾಕಿದೆ. ಫೋನೇ ಬಂತು. "ಮಾವಿನೆಲೆ ಹಸಿರು ಕಣೋ! ಇಲ್ಲಿ ಲೈಟೆಲ್ಲ ಹಳದಿ."

ಆಫೀಸಿನ ಕಥೆಗೆ ಬರ್ತೀನಿ. ಚೀಟಿ ಇಟ್ಕೊಂಡು ಒಂದು ವರ್ಷ ತಳ್ಳಿದೆ. ದಿನಕ್ಕೆ ಎಷ್ಟು ಸಲ ಆ ಮೂರು ಕೀ ಒತ್ತಿದ್ದೀನೋ ಲೆಕ್ಕ ಇಟ್ಟಿಲ್ಲ. ಒಂದಿನ ಪಕ್ಕದ ಸೀಟಿನ ಮೇಡಂ ನೋಡಿಬಿಟ್ರು. "ಅದೇನ್ರೀ ಸೆಲ್‌ಗೆಲ್ಲ ಸೂಜಿ ಚುಚ್ತಾ ಇರ್ತೀರಾ?" ಹೇಳಿಬಿಟ್ಟೆ. ಅವರು ಅಯ್ಯೋ ಪಾಪ ಅನ್ನಲಿಲ್ಲ, ಅದಕ್ಕೆ ಇವತ್ತಿಗೂ ಋಣಿ. ಶೀಟಿಗೆ ಹೊಸ ಕಾಲಂ ಸೇರಿಸಿ "ಪೇಯ್ಡ್", "ಪೆಂಡಿಂಗ್" ಅಂತ ತುಂಬಿಸಿದ್ರು. ಹತ್ತು ನಿಮಿಷದ ಕೆಲಸ! ಕೆಂಪು-ಹಸಿರು ಹಾಗೇ ಇತ್ತು, ಯಾರಿಗೂ ತೊಂದರೆ ಆಗಲಿಲ್ಲ. ವೆಬ್‌ಸೈಟ್ ಮಾಡೋರು ಪಾಲಿಸೋ ಡಬ್ಲ್ಯುಸಿಎಜಿ ನಿಯಮಗಳಲ್ಲೂ ಇದೇ ಇದೆ: ಬರೀ ಬಣ್ಣದಿಂದ ಮಾಹಿತಿ ಹೇಳಬೇಡಿ. ಒಂದು ವರ್ಷ ನಾನು ಬಾಯಿ ಬಿಡದೇ ಇದ್ದಿದ್ದೇ ದೊಡ್ಡ ದಡ್ಡತನ ಅಂತ ಈಗ ಅನ್ಸುತ್ತೆ. ಆಗ ಹಾಗೆ ಅನ್ಸಿರಲಿಲ್ಲ.

ನಿಮ್ಮ ಆಫೀಸಲ್ಲೂ ಅಂಥ ಶೀಟ್ ಇದ್ರೆ ನಾಳೆನೇ ಆ ಕಾಲಂ ಹಾಕಿ. ಅಮ್ಮ ಆ ಸೀರೆ ತಗೊಂಡ್ರು. ಹಬ್ಬಕ್ಕೆ ಉಟ್ಕೊಂಡಾಗ ನಾನೂ ನೋಡಿದೆ, ನನಗೆ ಈಗಲೂ ಅದು ಕಂದೇ. ಮುಂದಿನ ವಾರ ಸಿಗ್ತೀನಿ.