ಶಾಲಾ ಮಕ್ಕಳ ಶೀಲ ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ನಮ್ಮ ದೇವಾಲಯಕ್ಕೆ ಸುಣ್ಣಬಣ್ಣ ಬಳಿದುದಾಯಿತು, ಗಂಟೆಯ ಹಗ್ಗವನ್ನೂ ಬದಲಾಯಿಸಿದುದಾಯಿತು. ಈ ಸಂಭ್ರಮದ ನಡುವೆ, ಇದೇ ಅಂಗಳದಲ್ಲಿ ಆಡಿ ಬೆಳೆಯುತ್ತಿರುವ ಶಾಲಾ ಮಕ್ಕಳ ಶೀಲದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ವಿಷಯ ಸುಲಭವಾದುದಲ್ಲ.

ಮೈಸೂರು ವಿದ್ಯೆಯ ನಗರವೆಂದು ಹೆಸರಾದುದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸಂತ ಫಿಲೋಮಿನಾ ಮಹಾದೇವಾಲಯಕ್ಕೆ ಅಸ್ತಿಭಾರ ಹಾಕಿದರು. 1946ರಲ್ಲಿ ಅದೇ ಸಂತಳ ಹೆಸರಿನ ಕಾಲೇಜು ಆರಂಭವಾಯಿತು. 1963ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೇಸಿಯನ್ ಕಾಲೇಜು ಬಂದಿತು. ಇಂಥ ಸಂಸ್ಥೆಗಳಲ್ಲಿ ಓದಿದವರಲ್ಲಿ ಬಹುಪಾಲು ಕ್ರೈಸ್ತೇತರರು. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದು, ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿ ಬೇಕು ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಇದು ನ್ಯಾಯವಾದುದೇ. ಆದ್ದರಿಂದ ನಮ್ಮ ಶಾಲೆಗಳಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಎಂಬ ಏರ್ಪಾಡು ನಡೆದುಬಂದಿದೆ. ಆದರೆ ಪರೀಕ್ಷೆ ಸಮೀಪಿಸಿತೆಂದರೆ ಗಣಿತದ ಉಪಾಧ್ಯಾಯರಿಗೆ ಮೊದಲು ಬಿಟ್ಟುಕೊಡುವ ತರಗತಿ ಯಾವುದೆಂಬುದು ನಿಮಗೂ ಗೊತ್ತು.

ಶೀಲವು ಪುಸ್ತಕದಿಂದ ಬರುವುದಿಲ್ಲವೆಂದು ಕಂಡುಕೊಂಡವರಲ್ಲಿ ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡಿನ್ ಒಬ್ಬರು. ಕಾರ್ಖಾನೆಯ ಯುವಕರಿಗಾಗಿ ಅವರು 1925ರಲ್ಲಿ ಸ್ಥಾಪಿಸಿದ ಸಂಘದ ಮಾರ್ಗವನ್ನೇ ಮುಂದೆ ವಿದ್ಯಾರ್ಥಿಗಳ ವೈ.ಸಿ.ಎಸ್. ಕೂಡ ಅನುಸರಿಸಿತು. ನೋಡು, ತೂಗಿ ನೋಡು, ಕಾರ್ಯಕ್ಕಿಳಿ: ಇವು ಆ ಮಾರ್ಗದ ಮೂರು ಹೆಜ್ಜೆಗಳು. ಮಕ್ಕಳು ತಮ್ಮ ಸುತ್ತಲಿನ ಒಂದು ಸಂಗತಿಯನ್ನು ಕಣ್ಣಾರೆ ಕಂಡು, ಶುಭಸಂದೇಶದ ಬೆಳಕಿನಲ್ಲಿ ತೂಗಿ, ತಾವೇ ಏನಾದರೊಂದು ಮಾಡಬೇಕು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ತಮ್ಮ ವಿಶ್ವಪತ್ರದಲ್ಲಿ ಈ ಕ್ರಮವನ್ನು ಯುವಜನರಿಗೆ ಹೆಸರಿಸಿ ಶಿಫಾರಸು ಮಾಡಿದರು. ಗುರುಮಠದಲ್ಲಿ ನಾವು ಇದನ್ನು ಶ್ರದ್ಧೆಯಿಂದ ಓದಿ, ಉತ್ತಮ ಅಂಕಗಳನ್ನೂ ಪಡೆದೆವು.

ಆ ಅಂಕಗಳ ಬೆಲೆ ತಿಳಿದುದು ಅನಂತರ. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ನಾವು ಸಹಾಯಕ ಗುರುಗಳಾಗಿದ್ದಾಗ, ಒಂದು ಪ್ರೌಢಶಾಲೆಯ ಹನ್ನೆರಡು ಮಕ್ಕಳ ಕೂಟ ಶನಿವಾರಗಳಂದು ಸೇರುತ್ತಿತ್ತು. ‘ನೋಡಿದ ಸಂಗತಿ ಏನು?’ ಎಂದು ಕೇಳಿದೆವು. ಬಸ್ಸಿನ ನೂಕುನುಗ್ಗಲೋ ಬೀದಿಯ ಕಸವೋ ಬರುವುದೆಂದು ನಮ್ಮ ಎಣಿಕೆ. ಒಂಬತ್ತನೆಯ ತರಗತಿಯ ಬಾಲಕನೊಬ್ಬ ಎದ್ದು ನಿಂತು, ‘ಸ್ವಾಮಿ, ಪರೀಕ್ಷೆಯಲ್ಲಿ ನಾವೆಲ್ಲ ಕಾಪಿ ಹೊಡೀತೀವಿ. ಮೇಷ್ಟ್ರಿಗೂ ಗೊತ್ತು’ ಎಂದನು. ಕೂಟ ಒಂದು ತಿಂಗಳು ಚರ್ಚಿಸಿತು. ನಕಲು ಮಾಡುವುದಿಲ್ಲವೆಂದು ಒಂಬತ್ತು ಮಂದಿ ನಿಶ್ಚಯಿಸಿದರು. ಇಬ್ಬರು ಅನುತ್ತೀರ್ಣರಾದರು. ಶಾಲೆಯಿಂದ ನಮಗೆ ಕರೆ ಬಂದಿತು: ಫಲಿತಾಂಶ ಕುಸಿದರೆ ಶಾಲೆಯ ಹೆಸರೇನಾಗಬೇಕು?

ಆಗ ನಾವು ಮಾಡಿದ್ದೇನು? ಮುಂದಿನ ಶನಿವಾರ ಕೂಟದಲ್ಲಿ, ಇನ್ನು ಮೇಲೆ ಅನಾಥಾಲಯದ ಭೇಟಿ, ಕ್ರಿಸ್ತಜಯಂತಿಯ ಗೋದಲಿ, ಇಂಥವನ್ನು ಕೈಗೆತ್ತಿಕೊಳ್ಳೋಣವೆಂದೆವು. ಆ ಬಾಲಕ ಮತ್ತೆ ಬರಲಿಲ್ಲ. ಅವನನ್ನು ಹುಡುಕಿಕೊಂಡು ನಾವೂ ಹೋಗಲಿಲ್ಲ. ನೀವು ನಮ್ಮ ಬಳಿ ಪಾಪನಿವೇದನೆಗೆ ಬರುವಿರಿ, ಇದು ನಮ್ಮದು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಿಯರೇ ಮಕ್ಕಳ ಮೊದಲ ಶಿಕ್ಷಕರೆಂದು ಹೇಳಿದೆ. ಅಂದು ಆ ಒಂಬತ್ತು ಮಕ್ಕಳ ಮನೆಗಳಿಂದ ಒಬ್ಬ ತಾಯಿ ಮಾತ್ರ ನಮ್ಮನ್ನು ಕಾಣಲು ಬಂದರು. ‘ಮಗ ಫೇಲಾದ, ಆದರೆ ಸುಳ್ಳು ಹೇಳಲಿಲ್ಲ ಸ್ವಾಮಿ’ ಎಂದು ಹೇಳಿ ಹೊರಟುಹೋದರು.

ಈಗ ನಮ್ಮ ಧರ್ಮಕೇಂದ್ರದಲ್ಲಿ ಕೂಟವನ್ನು ಪುನಃ ಆರಂಭಿಸಿದ್ದೇವೆ. ಕಾನ್ವೆಂಟ್ ಶಾಲೆಯ ಮಕ್ಕಳೊಡನೆ ಸರ್ಕಾರಿ ಶಾಲೆಗೆ ಹೋಗುವ ನಮ್ಮ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇದಕ್ಕೆ ಕೆಲವರು ಮುಖ ಗಂಟಿಕ್ಕಿದ್ದೂ ಉಂಟು. ಕಳೆದ ವಾರ ಮಕ್ಕಳು ತಂದ ಪ್ರಶ್ನೆ: ಹಬ್ಬದ ಊಟದಲ್ಲಿ ದೊಡ್ಡ ಕಾಣಿಕೆ ಕೊಟ್ಟವರಿಗೆ ಬೇರೆ ಪಂಕ್ತಿ ಏಕೆ? ಶತಮಾನೋತ್ಸವ ಸಮಿತಿಯವರು ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಕೂಟಕ್ಕೆ ಬಂದು ಮಕ್ಕಳಿಗೆ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ನಾವೂ ಅಲ್ಲಿರುತ್ತೇವೆ.