ಬಸಿರು ಮತ್ತು ಭಟ್ಟಿಯ ಹೊಗೆ



ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಸವಿದವರೆಲ್ಲ ಅಲ್ಲಿನ ಮಂಡಕ್ಕಿ ಭಟ್ಟಿಗಳನ್ನು ಕಂಡವರಲ್ಲ. ಒಲೆಗೆ ಹೊಟ್ಟು ಹಾಕುತ್ತಾರೆ; ಹಳೆಯ ಟೈರುಗಳನ್ನು ಉರಿಸಿದ್ದೂ ಉಂಟು. ಕೆಲಸದವರ ವಾಸವೂ ಬಹುಮಟ್ಟಿಗೆ ಭಟ್ಟಿಯ ಮಗ್ಗುಲಲ್ಲೇ. ಬಸುರಿಯರು ಉಸಿರಾಡುವುದು ಇದೇ ಗಾಳಿಯನ್ನು.

ಅರೆಬರೆ ಉರಿದ ಇಂಧನದಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮಾಸನ್ನು ದಾಟಿ ಶಿಶುವಿನ ರಕ್ತವನ್ನೂ ಸೇರುತ್ತದೆ; ತಾಯಿಯ ರಕ್ತ ತಿಳಿಯಾದ ಮೇಲೂ ಅಲ್ಲಿ ಉಳಿಯುತ್ತದೆ. ಹೊಗೆಯಲ್ಲಿ ಬಸಿರು ಕಳೆದವರಿಗೆ 2.5 ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚು.

ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ದಾಖಲಾಗುತ್ತವೆ. ಹಿಮೋಗ್ಲೋಬಿನ್ 11 ಗ್ರಾಂ ಮುಟ್ಟಿದರೆ ಎಲ್ಲರಿಗೂ ಸಮಾಧಾನ. ಆದರೆ ಸಾಮಾನ್ಯ ರಕ್ತಪರೀಕ್ಷೆ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಹೇಳೀತೇ ಹೊರತು, ಅದರಲ್ಲೆಷ್ಟು ಹೊಗೆಯ ವಶವಾಗಿದೆಯೆಂದು ಹೇಳದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಇಲ್ಲಿ ಮೋಸಹೋಗುತ್ತದೆ! ಕಬ್ಬಿಣದ ಮಾತ್ರೆ ಬೇಕೇ ಬೇಕು, ಹೊಗೆಗೆ ಮಾತ್ರ ಅದು ಮದ್ದಲ್ಲ.

2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುತ್ತಿದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗೆ ಖರ್ಚಿಲ್ಲ: ಯಾವ ಒಲೆ, ದಿನಕ್ಕೆಷ್ಟು ಹೊತ್ತು, ಹೊಗೆ ಹೋಗಲು ದಾರಿಯಿದೆಯೇ? ಹರಿಹರದ ಹಳ್ಳಿಗಳಲ್ಲಿ ಸೌದೆಯೊಲೆ ಊದುವವಳನ್ನೂ ಹೀಗೆಯೇ ಕೇಳಬೇಕು.

ಭಟ್ಟಿಯಿಂದ ದೂರವಿರು ಎಂದುಬಿಡುವುದು ಸುಲಭ. ಆ ತಿಂಗಳುಗಳ ಕೂಲಿಯ ಮಾತೇನು? ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಕೊಡುವುದು 5000 ರೂಪಾಯಿ, ಅದೂ ಕಂತುಗಳಲ್ಲಿ. ಕೂಲಿ ಕಡಿಯದೆ ಅವಳನ್ನು ಒಲೆಯ ಬಾಯಿಂದ ಬಿಡಿಸಿ, ಹೊಗೆ ತಾಗದ ಬಯಲಿನಲ್ಲಿ ಚೀಲ ತುಂಬುವ ಕೆಲಸಕ್ಕೆ ಹಾಕುವುದು ಭಟ್ಟಿಯ ಮಾಲೀಕರ ಕೈಯಲ್ಲೇ ಇದೆ.